ಶಿಯಾ ಬಟರ್ ತರಿಸುವವರೇ, ಫೋಟೊ ನೋಡಿ ದುಡ್ಡು ಹಾಕಬೇಡಿ

ಸೋಪು, ಲಿಪ್ ಬಾಮ್, ಕ್ರೀಮು ಮಾಡಿ ಮಾರುವ ಸಣ್ಣ ಉದ್ಯಮದವರು ನಮ್ಮಲ್ಲಿ ಈಗ ಬಹಳ ಮಂದಿ ಇದ್ದಾರೆ. ಅವರಲ್ಲಿ ಯಾರಾದರೂ ಆಫ್ರಿಕಾದ ಶಿಯಾ ಬಟರ್ (ಶಿಯಾ ಮರದ ಬೀಜದಿಂದ ತೆಗೆಯುವ ಗಟ್ಟಿ ಕೊಬ್ಬು), ಆರ್ಗನ್ ಎಣ್ಣೆ, ಮರುಲಾ ಎಣ್ಣೆ ತರಿಸಲು ಹೊರಟಿದ್ದರೆ ಇದನ್ನು ಓದಿಬಿಡಿ. ನನಗೆ ಶಿಯಾ ಬಟರ್‌ನಲ್ಲಿ ಟೋಪಿ ಬಿತ್ತು. ಹಾಕಿದ್ದು ಘಾನಾದವರಲ್ಲ, ಇಲ್ಲೇ ನಮ್ಮ ದೇಶದಲ್ಲಿ ಕೂತು ಆಮದು ಮಾಡಿ ಮಾರುವವರು. ವಕೀಲರ ನೋಟಿಸ್ ಹೋಗಿದೆ, ಹಾಗಾಗಿ ಹೆಸರು ಬರೆಯುವುದಿಲ್ಲ. ಅವರು ಹೇಗೆ ಮಾಡುತ್ತಾರೆ ಅನ್ನುವುದನ್ನು ಮಾತ್ರ ಬರೆಯುತ್ತೇನೆ.

ಅವರು ಹೇಳಿದ್ದು ಇಷ್ಟು: ಉತ್ತರ ಘಾನಾದ ಟಮಾಲೆ ಹತ್ತಿರದ ಹಳ್ಳಿಯೊಂದರಲ್ಲಿ ಹೆಂಗಸರ ಸಂಘವಿದೆ. ನಾವು ಅವರಿಂದಲೇ ನೇರವಾಗಿ ಕೊಳ್ಳುತ್ತೇವೆ. ರೀಫೈನ್ ಮಾಡಿದ್ದಲ್ಲ, ಕೈಯಲ್ಲಿ ತೆಗೆದದ್ದು. ಕೆಜಿಗೆ ನೀವು ಕೊಡುವ ಹೆಚ್ಚಿನ ದುಡ್ಡು ಆ ಹೆಂಗಸರಿಗೇ ಹೋಗುತ್ತದೆ. ಜೊತೆಗೆ ಚೆಂದದ ಫೋಟೊಗಳು, ಸಾವಯವ ಸರ್ಟಿಫಿಕೇಟಿನ ಪಿಡಿಎಫ್, ಲ್ಯಾಬ್ ವರದಿ. ನಮ್ಮ ಗ್ರಾಹಕರು ಕೇಳುವುದೂ ಇದನ್ನೇ ಅಲ್ವಾ? ಎಲ್ಲಿಂದ ಬಂತು, ಮಾಡಿದವರಿಗೆ ಏನು ಸಿಕ್ಕಿತು ಅಂತ.

ಶಿಯಾ ಬಟರ್‌ಗೆ ಒಳ್ಳೆಯ ಬೆಲೆ ಕೊಡುವುದರಲ್ಲಿ ನನಗೇನೂ ತಕರಾರಿಲ್ಲ. ಆ ಕೆಲಸ ಅಷ್ಟು ಕಷ್ಟದ್ದು. ಶಿಯಾ ಮರ ಸೆನೆಗಲ್‌ನಿಂದ ಉಗಾಂಡಾದವರೆಗೆ ಹಬ್ಬಿದ ಸವನ್ನಾ ಹುಲ್ಲುಗಾವಲಿನಲ್ಲಿ ತಾನಾಗಿಯೇ ಬೆಳೆಯುವ ಮರ. ಫಲ ಕೊಡಲು ಹದಿನೈದು ಇಪ್ಪತ್ತು ವರ್ಷ ಬೇಕು. ಮಳೆಗಾಲ ಶುರುವಾಗುವ ಹೊತ್ತಿಗೆ ಹಣ್ಣು ಉದುರುತ್ತದೆ. ಹೆಂಗಸರು ಬೆಳಕು ಹರಿಯುವ ಮೊದಲೇ ಹೋಗಿ ಆರಿಸಿ ತರುತ್ತಾರೆ. ಬೀಜ ಬೇಯಿಸಿ, ಒಣಗಿಸಿ, ಒಡೆದು, ತಿರುಳನ್ನು ಹುರಿದು ಬೀಸಿದರೆ ಕಂದು ಬಣ್ಣದ ಗಟ್ಟಿ ಹಿಟ್ಟು ಬರುತ್ತದೆ. ಅದಕ್ಕೆ ನೀರು ಹಾಕುತ್ತಾ ಕೈಯಲ್ಲೇ ನಾದಬೇಕು. ಮಜ್ಜಿಗೆ ಕಡೆದಾಗ ಬೆಣ್ಣೆ ತೇಲುವ ಹಾಗೆ ಕೊಬ್ಬು ಬೆಳ್ಳಗೆ ಮೇಲೆ ಬರುತ್ತದೆ. ಅದನ್ನು ತೊಳೆದು, ಕಾಯಿಸಿ, ನೀರು ಆರಿಸಿ, ಸೋಸಿ ತಣಿಸಿದರೆ ಶಿಯಾ ಬಟರ್. ಸೌದೆ, ನೀರು, ರಟ್ಟೆ ಮೂರೂ ಬೇಡುವ ಕೆಲಸ.

ಇನ್ನು ನನಗೆ ಬಂದದ್ದು. ರಟ್ಟಿನ ಪೆಟ್ಟಿಗೆ, ಒಂದೊಂದರಲ್ಲಿ 25 ಕೆಜಿ, ಒಳಗೆ ಪ್ಲಾಸ್ಟಿಕ್ ಹಾಳೆ. ಮೊದಲ ಪೆಟ್ಟಿಗೆ ತೆರೆದಾಗ ಹುರಿದ ಬೀಜದ, ಸ್ವಲ್ಪ ಹೊಗೆಯ ವಾಸನೆ ಬಂತು. ದಂತದ ಬಣ್ಣ. ಖುಷಿಯಾಯಿತು. ಚಾಕುವಿನಲ್ಲಿ ಆಳಕ್ಕೆ ಕೊರೆದರೆ ಬೇರೆಯೇ ಲೋಕ. ಮೇಲೆ ನಾಲ್ಕು ಬೆರಳು ದಪ್ಪ ಮಾತ್ರ ಆ ವಾಸನೆ. ಅದರ ಕೆಳಗೆ ಸುಣ್ಣದಂತೆ ಬಿಳಿ, ವಾಸನೆಯೇ ಇಲ್ಲ. ಎರಡರ ನಡುವೆ ಗೆರೆ ಕೂಡ ಕಾಣುತ್ತಿತ್ತು. ಒಂದು ಚೂರು ಅಂಗೈಗೆ ಹಾಕಿ ಉಜ್ಜಿದೆ. ಒಳ್ಳೆಯ ಶಿಯಾ ಮೈಶಾಖಕ್ಕೆ ಕರಗಿ ಚರ್ಮಕ್ಕೆ ಇಳಿಯುತ್ತದೆ. ಇದು ಮೇಣದ ಹಾಗೆ ಮೇಲೇ ಕೂತಿತು.

ಫೋನ್ ಮಾಡಿದರೆ ಉತ್ತರ ರೆಡಿ ಇತ್ತು. “ಮೇಡಂ, ನ್ಯಾಚುರಲ್ ಅಂದಮೇಲೆ ಲಾಟ್‌ನಿಂದ ಲಾಟ್‌ಗೆ ಡಿಫರೆನ್ಸ್ ಇದ್ದೇ ಇರುತ್ತೆ.”

ಈ ಮಾತಿನ ಬಗ್ಗೆ ಹುಷಾರು. ಅರ್ಧ ನಿಜವಾದ್ದರಿಂದಲೇ ಇದು ಕೆಲಸ ಮಾಡುತ್ತದೆ. ಶಿಯಾ ಬಟರ್‌ನ ಬಣ್ಣ, ವಾಸನೆ ಬದಲಾಗುತ್ತದೆ, ಹೌದು. ಉಗಾಂಡಾ ಕಡೆಯ ತಳಿಯದ್ದು ಮೆದು, ಸ್ವಲ್ಪ ಹಳದಿ. ಪಶ್ಚಿಮ ಆಫ್ರಿಕಾದ ಕಡುಹಳದಿ ಶಿಯಾಗೆ ಸಾಮಾನ್ಯವಾಗಿ ಒಂದು ಬೇರಿನ ಬಣ್ಣ ಹಾಕಿರುತ್ತಾರೆ. ಕರಗಿಸಿ ನಿಧಾನಕ್ಕೆ ತಣಿಸಿದರೆ ಅಪ್ಪಟ ಶಿಯಾ ಕೂಡ ರವೆರವೆ ಆಗುತ್ತದೆ, ಅದು ಕಲಬೆರಕೆಯ ಗುರುತಲ್ಲ. ಆದರೆ ಒಂದೇ ಪೆಟ್ಟಿಗೆಯಲ್ಲಿ ಎರಡು ಪದರ ಬರುವುದು ಯಾವ ಪ್ರಕೃತಿಯ ಆಟ, ಹೇಳಿ?

ಸುಮ್ನೆ ವಾದ ಮಾಡುತ್ತಾ ಕೂರದೆ ಎನ್‌ಎಬಿಎಲ್ (ಲ್ಯಾಬ್‌ಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೆ ಕಳಿಸಿದೆ. ಕೇಳಬೇಕಾದ ಟೆಸ್ಟ್ ಫ್ಯಾಟಿ ಆಸಿಡ್ ಪ್ರೊಫೈಲ್, ಅಂದರೆ ಕೊಬ್ಬಿನಲ್ಲಿ ಯಾವ ಆಮ್ಲ ಎಷ್ಟಿದೆ ಅನ್ನುವ ಲೆಕ್ಕ. ಶಿಯಾದಲ್ಲಿ ಸ್ಟಿಯರಿಕ್ ಮತ್ತು ಒಲಿಯಿಕ್ ಆಮ್ಲಗಳೇ ಹೆಚ್ಚು. ಪಾಲ್ಮಿಟಿಕ್ ಆಮ್ಲ ಸುಮಾರು 3ರಿಂದ 8 ಶೇಕಡಾ, ಅಷ್ಟೇ. ಪಾಮ್ ಎಣ್ಣೆಯಲ್ಲಿ ಅದು 40 ಶೇಕಡಾ ದಾಟುತ್ತದೆ. ನನ್ನ ಪೆಟ್ಟಿಗೆಯ ಕೆಳಗಿನ ಪದರದಲ್ಲಿ ಪಾಲ್ಮಿಟಿಕ್ ಎಷ್ಟಿತ್ತೆಂದರೆ, ವರದಿ ಕೊಟ್ಟ ಹುಡುಗಿಯೇ “ಇದು ಪಾಮ್ ಸ್ಟಿಯರಿನ್ ಇರಬೇಕು” ಅಂದಳು, ಅಂದರೆ ಪಾಮ್ ಎಣ್ಣೆಯಿಂದ ಬೇರ್ಪಡಿಸಿದ ಗಟ್ಟಿ ಭಾಗ. ಇನ್ನೊಂದು ಟೆಸ್ಟ್ ಅನ್‌ಸಪಾನಿಫೈಯಬಲ್ ಮ್ಯಾಟರ್, ಅಂದರೆ ಸೋಪಾಗದೆ ಉಳಿಯುವ ಭಾಗ. ಶಿಯಾದಲ್ಲಿ ಅದು ಬೇರೆ ಕೊಬ್ಬುಗಳಿಗಿಂತ ಜಾಸ್ತಿ, ಚರ್ಮಕ್ಕೆ ಶಿಯಾ ಒಳ್ಳೆಯದು ಅನ್ನುವುದಕ್ಕೆ ಅದೂ ಒಂದು ಕಾರಣ. ನನ್ನದರಲ್ಲಿ ಅದು ಹೆಸರಿಗಷ್ಟೇ ಇತ್ತು. ಸ್ಯಾಂಪಲ್ ಕೊಡುವಾಗ ಪೆಟ್ಟಿಗೆಯ ಮೇಲಿಂದಲ್ಲ, ನಡುವಿನಿಂದ, ತಳದಿಂದ ತೆಗೆಯಿರಿ. ಮಾರುವವರು ಮೊದಲು ಕಳಿಸುವ ಪುಟ್ಟ ಡಬ್ಬಿ ಯಾವತ್ತೂ ಚಿನ್ನದಂಥ ಮಾಲೇ ಆಗಿರುತ್ತದೆ.

ಕಾಗದಪತ್ರದ ಕಥೆ ಇನ್ನೂ ಚೆನ್ನಾಗಿದೆ. ಸರ್ಟಿಫಿಕೇಟು ನಕಲಿಯಲ್ಲ, ಅಸಲಿಯೇ. ಆದರೆ ಅದು ಬೇರೆ ಯಾರದ್ದೋ! ಹೋಲ್ಡರ್ ಜಾಗದಲ್ಲಿ ನನಗೆ ಮಾರಿದವರ ಹೆಸರೂ ಇಲ್ಲ, ಆ ಹಳ್ಳಿಯ ಸಂಘದ ಹೆಸರೂ ಇಲ್ಲ. ಸಾವಯವ ಮಾಲಿಗೆ ವ್ಯಾಪಾರಿಯ ಸರ್ಟಿಫಿಕೇಟು ಸಾಲದು, ನಿಮ್ಮ ಲಾಟ್‌ಗೇ ಸೇರಿದ ಟ್ರಾನ್ಸಾಕ್ಷನ್ ಸರ್ಟಿಫಿಕೇಟು ಕೇಳಿ. ಫೇರ್‌ಟ್ರೇಡ್ (ಮಾಡಿದವರಿಗೆ ನ್ಯಾಯವಾದ ಬೆಲೆ ಕೊಟ್ಟ ಮಾಲು) ಅಂತ ಹೇಳಿಕೊಂಡರೆ ಫ್ಲೋ ಐಡಿ, ಅಂದರೆ ಫೇರ್‌ಟ್ರೇಡ್ ಗುರುತಿನ ನಂಬರ್ ಕೇಳಿ, ಆ ಸರ್ಟಿಫಿಕೇಟು ಕೊಡುವ ಫ್ಲೋಸರ್ಟ್ ಸಂಸ್ಥೆಯ ಸೈಟಿನಲ್ಲಿ ಯಾರು ಬೇಕಾದರೂ ಅದನ್ನು ಹುಡುಕಬಹುದು. ಫೋಟೊಗಳನ್ನು ಗೂಗಲ್ ಇಮೇಜ್ ಸರ್ಚ್‌ಗೆ ಹಾಕಿದೆ. ಅದೇ ಹೆಂಗಸರು, ಅದೇ ಬೋಗುಣಿ, ಬೇರೆ ಬೇರೆ ದೇಶದ ಎಷ್ಟೋ ಅಂಗಡಿಗಳಲ್ಲಿ.

ನನಗೆ ಜಾಸ್ತಿ ಉರಿದದ್ದು ಆಮೇಲೆ ಗೊತ್ತಾದ ವಿಷಯಕ್ಕೆ. ಘಾನಾದ ರಾಜಧಾನಿ ಅಕ್ರಾದಲ್ಲಿ ಕೆಲಸಕ್ಕಿರುವ ನಮ್ಮ ಪರಿಚಯದವರೊಬ್ಬರು ಟಮಾಲೆಗೆ ಹೋದಾಗ ಆ ಹಳ್ಳಿಯಲ್ಲಿ ವಿಚಾರಿಸಿದರು. ಸಂಘ ನಿಜಕ್ಕೂ ಇದೆ. ಈ ಆಮದುದಾರರ ಹೆಸರನ್ನೇ ಅವರು ಕೇಳಿಲ್ಲ. ಅವರು ಮಾರುವುದೇ ಹೆಚ್ಚಾಗಿ ಒಣ ತಿರುಳನ್ನು, ಅದೂ ಊರಿಗೆ ಬರುವ ಏಜೆಂಟರಿಗೆ. ತಿರುಳು ಮಾರುವ ಆ ಸಮಯವೋ, ಹಳೆಯ ದವಸ ಮುಗಿದು ಹೊಸ ಫಸಲು ಇನ್ನೂ ಬಾರದ ತಿಂಗಳುಗಳು. ಮನೆಯಲ್ಲಿ ಊಟಕ್ಕಿಲ್ಲದಾಗ ಸಿಕ್ಕ ಬೆಲೆಗೆ ಕೊಡಲೇಬೇಕು. ಏಜೆಂಟರು ದಾಸ್ತಾನು ಮಾಡಿ ಬೆಲೆ ಏರಿದಾಗ ಮಾರುತ್ತಾರೆ. ಹಾಗಾಗಿ “ಎಥಿಕಲ್” ಅಂತ ಯಾರಾದರೂ ಹೇಳಿದರೆ ನಾನು ಈಗ ಕೇಳುವುದು ಒಂದೇ: ಸಂಘಕ್ಕೆ ದುಡ್ಡು ಯಾವ ತಿಂಗಳಲ್ಲಿ ಕೊಟ್ಟಿರಿ, ರಸೀದಿ ತೋರಿಸಿ. ಆ ಕಷ್ಟದ ತಿಂಗಳಲ್ಲಿ ಮುಂಗಡ ಕೊಡುವವರು ನಿಜವಾಗಿಯೂ ಇದ್ದಾರೆ. ಅವರ ಹತ್ತಿರ ಕಾಗದ ಇರುತ್ತದೆ, ತೋರಿಸಲು ಮುಜುಗರವೂ ಇರುವುದಿಲ್ಲ.

ಅವಸರ ಮಾಡಿಸುವವರನ್ನೂ ನಂಬಬೇಡಿ. 2025ರ ಆಗಸ್ಟ್‌ನಲ್ಲಿ ನೈಜೀರಿಯಾ ಆರು ತಿಂಗಳ ಮಟ್ಟಿಗೆ ಶಿಯಾ ರಫ್ತು ನಿಲ್ಲಿಸಿದಾಗ “ಬ್ಯಾನ್ ಆಗಿದೆ, ಇವತ್ತೇ ಪೇಮೆಂಟ್ ಮಾಡಿ” ಅಂತ ಮೆಸೇಜ್ ಬಂದಿತ್ತು. ನಿಲ್ಲಿಸಿದ್ದು ಹಸಿ ಬೀಜದ ರಫ್ತು, ಬಟರ್‌ದಲ್ಲ. ಬೀಜ ದೇಶದಲ್ಲೇ ಉಳಿದು ಅಲ್ಲೇ ಬಟರ್ ಆಗಲಿ ಅನ್ನುವುದೇ ಅದರ ಉದ್ದೇಶವಾಗಿತ್ತು. ಈ ಪುಣ್ಯಾತ್ಮರು ಅದನ್ನೂ ವ್ಯಾಪಾರಕ್ಕೆ ಬಳಸಿಕೊಂಡರು.

ಇನ್ನೊಂದು ಮಾತು. ನಮ್ಮ ಡಬ್ಬಿಯ ಮೇಲೆ “ನೈಸರ್ಗಿಕ”, “ಸಾವಯವ” ಅಂತ ಅಚ್ಚು ಹಾಕಿಸುವುದು ನಾವು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರಲ್ಲಿ ಗ್ರೀನ್‌ವಾಶಿಂಗ್ (ಪರಿಸರಸ್ನೇಹಿ ಅಂತ ಸುಳ್ಳು ಹೇಳಿ ಮಾರುವುದು) ತಡೆಗೆ ಮಾರ್ಗಸೂಚಿ ತಂದಿದೆ. ಇಂಥ ಮಾತು ಹೇಳಿದವರು ಆಧಾರ ಇಟ್ಟುಕೊಂಡಿರಬೇಕು. ಕಾಸ್ಮೆಟಿಕ್ ತಯಾರಿಕೆಯ ಲೈಸೆನ್ಸೂ ನಮ್ಮ ಹೆಸರಲ್ಲೇ ಇರುತ್ತದೆ, ಆಮದುದಾರರ ಹೆಸರಲ್ಲಿ ಅಲ್ಲ. ಆ ಲಾಟ್‌ನಿಂದ ಮಾಡಿದ ಬಾಮ್‌ಗಳನ್ನು ನಾನು ಅಂಗಡಿಗಳಿಂದ ವಾಪಸ್ ತರಿಸಿದೆ. ನಷ್ಟ ಪೂರ್ತಿ ನನ್ನದೇ.

ಆರ್ಗನ್ ಎಣ್ಣೆಗೂ ಇದೇ ಮಾತು. ಮೊರಾಕೊದ ಹೆಂಗಸರ ಫೋಟೊ, ಬಾಟಲಿಯಲ್ಲಿ ಸೂರ್ಯಕಾಂತಿ ಎಣ್ಣೆ. ಒಂದು ಗಟ್ಟಿ ಬೆಣ್ಣೆ ಬೇಕು ಅನ್ನುವುದಷ್ಟೇ ನಿಮ್ಮ ಅಗತ್ಯವಾದರೆ ಆಫ್ರಿಕಾದವರೆಗೆ ಹೋಗಲೇಬೇಕಾಗಿಲ್ಲ. ಉತ್ತರ ಕನ್ನಡದ ಮುರುಗಲ (ಕೋಕಂ) ತುಪ್ಪ ಇದೆ, ಹಿಮ್ಮಡಿ ಒಡಕಿಗೆ ಅಜ್ಜಿಯಂದಿರು ಹಚ್ಚುತ್ತಿದ್ದದ್ದು. ಶಿಯಾಗಿಂತ ಗಟ್ಟಿ, ಹಾಗಾಗಿ ಅಳತೆ ಬದಲಿಸಬೇಕು.

ಶಿಯಾನೇ ಬೇಕು ಅಂದರೆ ಪೂರ್ತಿ ಮುಂಗಡ ಕೊಡಬೇಡಿ. ಬಾಕಿ ಹಣ ಲ್ಯಾಬ್ ವರದಿ ಬಂದ ಮೇಲೆ ಅಂತ ಆರ್ಡರ್ ಕಾಗದದಲ್ಲೇ ಬರೆಸಿ. ಬಿಲ್ ಆಫ್ ಎಂಟ್ರಿ, ಅಂದರೆ ಆಮದು ಮಾಡುವಾಗ ಕಸ್ಟಮ್ಸ್‌ಗೆ ಸಲ್ಲಿಸುವ ಕಾಗದದ ಪ್ರತಿ ಕೇಳಿ, ಮಾಲು ಯಾವ ದೇಶದಿಂದ ಬಂತು ಅಂತ ಅದರಲ್ಲಿ ಇರುತ್ತದೆ. ಬೆಲೆ ಮುಚ್ಚಿ ಕೊಟ್ಟರೂ ಪರವಾಗಿಲ್ಲ. ನನಗೆ ಮಾರಿದವರು ಅದನ್ನು ಇವತ್ತಿನವರೆಗೂ ಕೊಟ್ಟಿಲ್ಲ. ಈಗ ಬೇರೆ ಬ್ರಾಂಡ್ ಹೆಸರಲ್ಲಿ, ಅದೇ ಫೋಟೊ ಹಾಕಿ ಮಾರುತ್ತಿದ್ದಾರೆ.