‘ಟಚ್ ಆಫ್ ಈವಿಲ್’: ಲಂಚ ಮುಟ್ಟದ ಭ್ರಷ್ಟ ಪೊಲೀಸ್

ಆರ್ಸನ್ ವೆಲ್ಸ್ ನಿರ್ದೇಶನದ, 1958ರ ಈ ಚಿತ್ರ ಹಾಕಿಕೊಂಡು ಕೂರುವ ಮುನ್ನ ಯಾವ ಆವೃತ್ತಿ ಅಂತ ನೋಡಿಕೊಳ್ಳಿ. ಮೂರಿವೆ: ಆಗ ಥಿಯೇಟರಿಗೆ ಬಂದ 95 ನಿಮಿಷದ್ದು, 1970ರ ದಶಕದಲ್ಲಿ ಸಿಕ್ಕ 108 ನಿಮಿಷದ ಪ್ರಿವ್ಯೂ ಪ್ರತಿ, 1998ರಲ್ಲಿ ವಾಲ್ಟರ್ ಮರ್ಚ್ ಮರುಸಂಕಲನ ಮಾಡಿದ 111 ನಿಮಿಷದ್ದು. ಯೂನಿವರ್ಸಲ್ ಸ್ಟುಡಿಯೊ ಸಂಕಲನವನ್ನು ವೆಲ್ಸ್ ಕೈಯಿಂದ ಕಿತ್ತುಕೊಂಡು, ಬೇರೆಯವರಿಂದ ಕೆಲವು ಹೊಸ ದೃಶ್ಯ ಚಿತ್ರೀಕರಣ ಮಾಡಿಸಿ ಸೇರಿಸಿತ್ತು. ಅದನ್ನು ನೋಡಿ ವೆಲ್ಸ್ ಬರೆದ 58 ಪುಟಗಳ ಟಿಪ್ಪಣಿಯೇ ಮರ್ಚ್‌ಗೆ ಆಧಾರ. ಮೊದಲ ಸಲಕ್ಕೆ ಮರ್ಚ್ ಆವೃತ್ತಿಯನ್ನೇ ಆರಿಸಿ.

ಏಕೆಂದರೆ ಮೊದಲ ಶಾಟ್‌ನಲ್ಲೇ ವ್ಯತ್ಯಾಸ ಕಾಣುತ್ತದೆ. ಕಾರಿನ ಡಿಕ್ಕಿಗೆ ಟೈಮ್ ಬಾಂಬ್ ಇಡುವುದರಿಂದ ಹಿಡಿದು ಮೆಕ್ಸಿಕೊ–ಅಮೆರಿಕ ಗಡಿ ದಾಟುವವರೆಗೆ, ಮೂರು ನಿಮಿಷಕ್ಕೂ ಹೆಚ್ಚು ಹೊತ್ತು, ಎಲ್ಲೂ ಕಟ್ ಇಲ್ಲ. ಥಿಯೇಟರ್ ಪ್ರತಿಯಲ್ಲಿ ಇದರ ಮೇಲೆ ಟೈಟಲ್ ಕಾರ್ಡುಗಳು ಓಡುತ್ತವೆ, ಜೊತೆಗೆ ಹೆನ್ರಿ ಮ್ಯಾನ್ಸಿನಿ ಸಂಗೀತ. ಮರ್ಚ್ ಅಕ್ಷರ ತೆಗೆದು, ಬೀದಿಯ ಕ್ಲಬ್ಬುಗಳ, ಕಾರ್ ರೇಡಿಯೊದ ಸದ್ದು ತಂದರು. ಈಗ ಆ ಕಾರು ಎಲ್ಲಿದೆ ಅಂತ ಕಿವಿಯಲ್ಲೇ ಹಿಂಬಾಲಿಸಬಹುದು.

ಇನ್ನು ಆ ಬಾಂಬ್ ಸ್ಫೋಟದ ತನಿಖೆಗೆ ಬರುವ ಪೊಲೀಸ್ ಕ್ಯಾಪ್ಟನ್ ಹ್ಯಾಂಕ್ ಕ್ವಿನ್ಲನ್. ಪಾತ್ರ ಮಾಡಿದ್ದೂ ವೆಲ್ಸ್. ಈತ ದುಡ್ಡು ಮುಟ್ಟುವವನಲ್ಲ. ಅಪರಾಧಿ ಯಾರೆಂದು ಮೊದಲೇ ತೀರ್ಮಾನಿಸಿ, ಸಾಕ್ಷ್ಯವನ್ನು ಆಮೇಲೆ ಹುಟ್ಟಿಸುತ್ತಾನೆ. ಕ್ವಿನ್ಲನ್‌ನ ಹೆಂಡತಿಯನ್ನು ಕತ್ತು ಹಿಸುಕಿ ಕೊಂದವನು ಶಿಕ್ಷೆಯಿಲ್ಲದೆ ತಪ್ಪಿಸಿಕೊಂಡ ಹಳೆಯ ಗಾಯ ಅವನಿಗಿದೆ. ಅವನ ಊಹೆ ಸರಿಯಿರಲೂಬಹುದು ಅನ್ನುವ ಸಾಧ್ಯತೆಯನ್ನು ಚಿತ್ರ ಅಲ್ಲಗಳೆಯುವುದಿಲ್ಲ. ಲಂಚಕೋರ ಪೊಲೀಸರ ಹತ್ತು ಕಥೆಗಳಿಗಿಂತ ಇದು ಹೆಚ್ಚು ಹೆದರಿಸುವುದು ಅದಕ್ಕೇ.

ಸ್ಫೋಟದ ಶಂಕಿತ ಸಾಂಚೆಸ್‌ನ ಮನೆಯ ವಿಚಾರಣೆಯನ್ನು ಕಣ್ಣು ಮಿಟುಕಿಸದೆ ನೋಡಿ. ಇಕ್ಕಟ್ಟಾದ ಕೋಣೆಗಳಲ್ಲಿ ಕ್ಯಾಮೆರಾ ನಿಮಿಷಗಟ್ಟಲೆ ಕಟ್ ಇಲ್ಲದೆ ಜನರ ನಡುವೆ ಸುತ್ತುತ್ತದೆ. ಮೆಕ್ಸಿಕನ್ ಅಧಿಕಾರಿ ವರ್ಗಾಸ್ ಬಚ್ಚಲಿಗೆ ಹೋದಾಗ ಕೈ ತಾಗಿ ಒಂದು ಶೂ ಡಬ್ಬ ಬೀಳುತ್ತದೆ. ಖಾಲಿ. ತುಸು ಹೊತ್ತಿಗೆ ಅದೇ ಡಬ್ಬದಲ್ಲಿ ಎರಡು ಡೈನಮೈಟ್ ಕಡ್ಡಿ ‘ಸಿಗುತ್ತವೆ’. ಡಬ್ಬ ಬಿದ್ದದ್ದನ್ನು ಗಮನಿಸದಿದ್ದರೆ ಮುಂದಿನ ಅರ್ಧ ಚಿತ್ರದ ಬಿಗಿ ಸಡಿಲವಾಗುತ್ತದೆ. ಕಡ್ಡಿ ಪತ್ತೆ ಮಾಡಿದ, ಕ್ವಿನ್ಲನ್‌ನ ಸಹಾಯಕ ಮೆಂಜೀಸ್ ತನ್ನ ಸಾಹೇಬನನ್ನು ಮನಸಾರೆ ನಂಬಿದವನು, ಅವನಿಗೆ ಮೋಸ ಗೊತ್ತಿಲ್ಲ. ಜೋಸೆಫ್ ಕಲೀಯಾ ಈ ಪಾತ್ರದಲ್ಲಿ ಎಲ್ಲರನ್ನೂ ಮೀರಿಸಿದ್ದಾರೆ. ಕ್ವಿನ್ಲನ್ ಜಮೀನಿಗೆಂದು ಡೈನಮೈಟ್ ಕೊಂಡ ದಾಖಲೆ ಮುಂದೆ ಬಂದಾಗ ಅವರ ಮುಖ ನೋಡಬೇಕು.

ಕೊರತೆಗಳೂ ಇವೆ. ವರ್ಗಾಸ್ ಪಾತ್ರದ ಚಾರ್ಲ್ಟನ್ ಹೆಸ್ಟನ್‌ಗೆ ಮೈಬಣ್ಣ ಬಳಿದು ಮೆಕ್ಸಿಕನ್ ಮಾಡಿದ್ದು ಅಂದಿಗೆ ನಡೆಯಿತು, ಇಂದು ಕಣ್ಣಿಗೆ ಚುಚ್ಚುತ್ತದೆ. ಹೊಸ ಹೆಂಡತಿಯನ್ನು ನಿರ್ಜನ ಮೋಟೆಲಿನಲ್ಲಿ ಒಂಟಿಯಾಗಿ ಬಿಟ್ಟುಹೋಗುವ ವರ್ಗಾಸ್‌ನ ನಿರ್ಧಾರ ಎಷ್ಟು ಯೋಚಿಸಿದರೂ ಒಪ್ಪಿಗೆಯಾಗುವುದಿಲ್ಲ, ಆ ಭಾಗ ಎಳೆದಂತೆಯೂ ಇದೆ.

ಕೊನೆಯ ರಾತ್ರಿ ಮಾತ್ರ ಸಡಿಲವೇ ಇಲ್ಲ. ಕ್ವಿನ್ಲನ್ ಮಾತು ದಾಖಲಿಸಲು ಮೆಂಜೀಸ್ ಮೈಯಲ್ಲಿ ಅಡಗಿಸಿದ ಮೈಕ್, ಎಣ್ಣೆಬಾವಿಗಳ ನಡುವೆ ರಿಸೀವರ್ ಹೊತ್ತು ಹಿಂಬಾಲಿಸುವ ವರ್ಗಾಸ್. ಸೇತುವೆ ಕೆಳಗೆ ತನ್ನದೇ ದನಿ ಪ್ರತಿಧ್ವನಿಸಿದಾಗ ಕ್ವಿನ್ಲನ್‌ಗೆ ಸಂಶಯ. ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ ಈ ಪ್ರತಿಧ್ವನಿ ಸರಿಯಾಗಿ ಸಿಗುವುದಿಲ್ಲ, ಹೆಡ್‌ಫೋನ್ ಹಾಕಿಕೊಳ್ಳಿ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುವುದು ಹೆಚ್ಚು, ಕ್ವಿನ್ಲನ್ ಗೊಣಗುವುದೂ ಹೆಚ್ಚು. ಸಬ್‌ಟೈಟಲ್ ಇದ್ದರೆ ಮೊದಲ ದೃಶ್ಯದಿಂದಲೇ ಹಾಕಿಕೊಳ್ಳಿ.