ಪೌರತ್ವವಿಲ್ಲದೆಯೂ ಮತ: ನ್ಯೂಜಿಲೆಂಡ್‌ನ ಮತದಾರರ ಸೇವೆ ಹೇಗಿದೆ?

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಇನ್ನೊಂದು ದೇಶದ ಸಂಸತ್ತಿಗೆ ಮತ ಹಾಕಿಬಂದೆ ಎಂದರೆ ಊರಿನಲ್ಲಿ ಯಾರೂ ಥಟ್ಟನೆ ನಂಬುವುದಿಲ್ಲ. ನ್ಯೂಜಿಲೆಂಡ್‌ನಲ್ಲಿ ಇದು 1975ರಿಂದಲೂ ನಡೆದುಕೊಂಡು ಬಂದಿರುವ ಪದ್ಧತಿ. ಹದಿನೆಂಟು ತುಂಬಿದ, ನಿವಾಸಿ ವೀಸಾ ಇರುವ, ಎಂದಾದರೊಮ್ಮೆ ಹನ್ನೆರಡು ತಿಂಗಳು ಎಡೆಬಿಡದೆ ಇಲ್ಲಿ ನೆಲೆಸಿದವರು ಮತದಾರರಾಗಬಹುದು. ಹೆಸರು ನೋಂದಾಯಿಸುವುದು ಕಡ್ಡಾಯ. ಮತ ಹಾಕುವುದು ಅವರವರ ಇಷ್ಟ.

2023ರ ಅಕ್ಟೋಬರ್‌ನ ಚುನಾವಣೆಯಲ್ಲಿ ನಾನು ಕಂಡಂತೆ, ಸೇವೆ ಅಚ್ಚುಕಟ್ಟಾಗಿದೆ. ಅಂಚೆಯಲ್ಲಿ ಬಂದ ಈಸಿವೋಟ್ ಕಾರ್ಡನ್ನು ತೋರಿಸಿದರೆ ಸಾಕು. ಅದನ್ನು ಮರೆತು ಹೋದರೂ ಹೆಸರು, ವಿಳಾಸ ಹೇಳಿದರೆ ಪಟ್ಟಿಯಲ್ಲಿ ಹುಡುಕಿ ಮತಪತ್ರ ಕೊಡುತ್ತಾರೆ. ಒಂದೇ ಹಾಳೆಯಲ್ಲಿ ಪಕ್ಷಕ್ಕೊಂದು, ಕ್ಷೇತ್ರದ ಅಭ್ಯರ್ಥಿಗೊಂದು ಗುರುತು ಹಾಕಬೇಕು. ಕೈಗೆ ಕಿತ್ತಳೆ ಬಣ್ಣದ ಪೆನ್ನು ಬರುತ್ತದೆ, ಬೆರಳಿಗೆ ಶಾಯಿ ಹಚ್ಚುವುದಿಲ್ಲ. ಹೊರಬಂದ ಮೇಲೆ ಅಭ್ಯಾಸಬಲದಿಂದ ಎಡಗೈ ತೋರುಬೆರಳನ್ನು ಒಮ್ಮೆ ನೋಡಿಕೊಂಡೆ.

ಕೊರತೆ ಇರುವುದು ಪದದಲ್ಲಿ. ಚುನಾವಣಾ ಕಾನೂನು ‘ಕಾಯಂ ನಿವಾಸಿ’ ಎನ್ನುತ್ತದೆ. ವಲಸೆ ಇಲಾಖೆಯಲ್ಲಿ ಅದೇ ಹೆಸರಿನ ಬೇರೊಂದು ವೀಸಾ ಇದೆ. ಹೀಗಾಗಿ ಸಾಮಾನ್ಯ ನಿವಾಸಿ ವೀಸಾ ಇರುವವರು ತಮಗಿನ್ನೂ ಹಕ್ಕು ಬಂದಿಲ್ಲವೆಂದು ಸುಮ್ಮನಿದ್ದುಬಿಡುವ ಸಂಭವವಿದೆ.

ಸರದಿಯಲ್ಲಿ ನನ್ನ ಹಿಂದೆ ನಿಂತಿದ್ದ ಹಿರಿಯರೊಬ್ಬರಿಗೆ ನಾನು ಪೌರನಲ್ಲವೆಂದು ತಿಳಿಸಿದಾಗ ಅವರು, ತೆರಿಗೆ ಕಟ್ಟುತ್ತೀರಲ್ಲ ಎಂದಷ್ಟೇ ಹೇಳಿ ಹವಾಮಾನದ ಮಾತಿಗೆ ಹೊರಳಿದರು. ತಕರಾರು ಎದ್ದದ್ದು ನಮ್ಮವರಿಂದಲೇ: ಪಾಸ್‌ಪೋರ್ಟ್ ಬದಲಿಸದವರಿಗೆ ಈ ದೇಶದ ಉಸಾಬರಿ ಏಕೆ ಎಂದು ಕನ್ನಡದ ಗೆಳೆಯರೊಬ್ಬರು ಕೇಳಿದರು. ಭಾರತ ಎರಡು ಪೌರತ್ವವನ್ನು ಒಪ್ಪದಿರುವುದರಿಂದ ಇಲ್ಲಿಯದನ್ನು ಪಡೆದ ಕೂಡಲೇ ಅಲ್ಲಿಯದು ಹೋಗುತ್ತದೆ, ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡಿಗೆ ಅಲ್ಲಿ ಮತವಿಲ್ಲ ಎಂಬುದು ಅವರಿಗೂ ಗೊತ್ತು. ಆದರೂ ಅವರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಲಕ್ಸೆಂಬರ್ಗ್‌ನಲ್ಲಿ 2015ರಲ್ಲಿ ಪೌರರಲ್ಲದ ನಿವಾಸಿಗಳಿಗೆ ಮತದ ಹಕ್ಕು ಕೊಡಬೇಕೇ ಎಂಬುದನ್ನು ಜನಮತಕ್ಕೆ ಹಾಕಿದಾಗ ಸುಮಾರು ನೂರಕ್ಕೆ 78ರಷ್ಟು ಮತದಾರರು ಬೇಡವೆಂದರು. ನ್ಯೂಜಿಲೆಂಡ್‌ನಲ್ಲಿ ಸಂಸತ್ತೇ ಕಾನೂನು ತಿದ್ದಿ ಹಕ್ಕು ಕೊಟ್ಟಿತು, ಜನರಿಗೆ ಅದು ರೂಢಿಯಾಯಿತು. ಹೊಸದಾಗಿ ಕೊಡಬೇಕೇ ಎಂದು ಕೇಳಿದ್ದರೆ ಇಲ್ಲಿಯ ಉತ್ತರವೂ ಇಷ್ಟು ನಿರಾಳವಾಗಿರುತ್ತಿರಲಿಲ್ಲವೆಂದೇ ನನ್ನ ಅನಿಸಿಕೆ. ಅಭ್ಯರ್ಥಿಯಾಗಿ ನಿಲ್ಲಲು ಇಂದಿಗೂ ಪೌರತ್ವ ಬೇಕೇ ಬೇಕು.

ನಿವಾಸಿ ವೀಸಾ ಇದ್ದು, ಎಂದಾದರೊಮ್ಮೆ ವರ್ಷವಿಡೀ ಎಡೆಬಿಡದೆ ಇಲ್ಲಿ ನೆಲೆಸಿದವರು ‘ಕಾಯಂ’ ಎಂಬ ಮುದ್ರೆಗೆ ಕಾಯದೆ ಮತದಾರರ ನೋಂದಣಿ ಅರ್ಜಿ ತುಂಬಬಹುದು.