ಟೈಮ್ ಸೇವ್ ಮಾಡೋದು ಹೇಗೆ: ಯುಟಿಸಿ, ಆಫ್‌ಸೆಟ್, ಇಲ್ಲ ಊರಿನ ಹೆಸರು?

ಹಲವು ದೇಶದವರು ಬಳಸುವ ಆ್ಯಪ್‌ನಲ್ಲಿ ಟೈಮ್ ಹೇಗೆ ಇಡೋದು ಅಂತ ಯಾರನ್ನೇ ಕೇಳಿ, ಬರುವ ಉತ್ತರ ಒಂದೇ: ಯುಟಿಸಿಯಲ್ಲಿ (ಇಡೀ ಜಗತ್ತಿಗೆ ಒಂದೇ ಆದ ಮೂಲ ಸಮಯ) ಹಾಕು, ತೋರಿಸುವಾಗ ಆಯಾ ಊರಿನ ಟೈಮ್‌ಗೆ ಬದಲಾಯಿಸು. ಅಪಾಯಿಂಟ್‌ಮೆಂಟ್ ಬುಕ್ ಮಾಡುವ ಕೋಡ್‌ನಲ್ಲಿ ನಾನು ಮೂರು ದಾರಿಗಳನ್ನೂ ಬಳಸಿ ನೋಡಿದ್ದೇನೆ. ಆ ಉತ್ತರ ಅರ್ಧ ಮಾತ್ರ ಸರಿ.

ಆಗಿಹೋದ ವಿಷಯಕ್ಕೆ ಯುಟಿಸಿಯೇ ಸೈ. ಯಾರು ಯಾವಾಗ ಲಾಗಿನ್ ಆದರು, ದುಡ್ಡು ಎಷ್ಟು ಹೊತ್ತಿಗೆ ಬಂತು, ಇದಕ್ಕೆಲ್ಲ ಬೇರೆ ಯೋಚನೆಯೇ ಬೇಡ.

ಮುಂದೆ ಆಗಬೇಕಾದದ್ದರಲ್ಲಿ ಕಥೆ ಬೇರೆ. ಮೆಕ್ಸಿಕೋ ಸಿಟಿಯ ಒಬ್ಬರು 2022ರ ಜೂನ್‌ನಲ್ಲೇ ಮುಂದಿನ ವರ್ಷದ ಜುಲೈಗೆ ಬೆಳಿಗ್ಗೆ 10ರ ಅಪಾಯಿಂಟ್‌ಮೆಂಟ್ ಹಾಕಿದರು ಅಂತಿಟ್ಟುಕೊಳ್ಳಿ. ಆಗಿನ ಲೆಕ್ಕದಲ್ಲಿ ಅದು ಯುಟಿಸಿ 15:00. ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ಬೇಸಿಗೆ ಸಮಯವನ್ನೇ (ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ಪದ್ಧತಿ) ತೆಗೆದುಹಾಕಿತು. ಈಗ ಅದೇ 15:00 ಸ್ಕ್ರೀನ್ ಮೇಲೆ ಬೆಳಿಗ್ಗೆ 9 ಅಂತ ಬರುತ್ತದೆ. ಕೋಡ್‌ನಲ್ಲಿ ಒಂದು ಸಾಲೂ ಬದಲಾಗಿಲ್ಲ!

ಆಫ್‌ಸೆಟ್ ಅಂದರೆ ಯುಟಿಸಿಗಿಂತ ಎಷ್ಟು ಮುಂದೆ ಇಲ್ಲ ಹಿಂದೆ ಅನ್ನೋದನ್ನು ಟೈಮ್ ಪಕ್ಕದಲ್ಲಿ +05:30 ಅಂತ ಬರೆದಿಡೋದು. ನಮ್ಮಲ್ಲಿ ವರ್ಷಪೂರ್ತಿ ಅದೇ ಇರುವುದರಿಂದ ಬೆಂಗಳೂರಲ್ಲಿ ಕೂತು ಟೆಸ್ಟ್ ಮಾಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ನ್ಯೂಯಾರ್ಕ್ ಮಾತ್ರ ಚಳಿಗಾಲದಲ್ಲಿ -05:00, ಮಾರ್ಚ್‌ನ ಎರಡನೇ ಭಾನುವಾರದಿಂದ -04:00. ಅಲ್ಲಿನವರ ವಾರದ ಬೆಳಿಗ್ಗೆ 9 ಗಂಟೆಯ ಮೀಟಿಂಗ್ ನಮಗೆ ಚಳಿಗಾಲದಲ್ಲಿ ರಾತ್ರಿ 7:30, ಬೇಸಿಗೆಯಲ್ಲಿ ಸಂಜೆ 6:30. -05:00 ಅನ್ನೋ ಅಂಕಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ನನ್ನ ಪ್ರಕಾರ ಮೂರರಲ್ಲಿ ಇದೇ ಕೆಟ್ಟದ್ದು, ಯಾಕಂದರೆ ನೋಡೋಕೆ ಟೈಮ್‌ಝೋನ್ ಥರ ಇದ್ದು ನಂಬಿಸುತ್ತದೆ.

ಮೂರನೆಯದು, ಅಲ್ಲಿನ ಗಡಿಯಾರದ ಟೈಮ್ ಒಂದು ಕಾಲಂನಲ್ಲಿ, 'ಅಮೆರಿಕಾ/ನ್ಯೂಯಾರ್ಕ್' ಅನ್ನೋ ಝೋನ್ ಹೆಸರು ಇನ್ನೊಂದರಲ್ಲಿ. ಅಪಾಯಿಂಟ್‌ಮೆಂಟ್‌ಗೆ ನನ್ನ ಓಟು ಇದಕ್ಕೇ. ನಿಯಮ ಬದಲಾದರೆ ಝೋನ್ ಡೇಟಾಬೇಸ್ (ಯಾವ ಊರಿಗೆ ಯಾವ ಸಮಯದ ನಿಯಮ ಅನ್ನೋ ಪಟ್ಟಿ) ಅಪ್‌ಡೇಟ್ ಮಾಡಿದರೆ ಸಾಕು. (ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ 'ಟೈಮ್‌ಸ್ಟ್ಯಾಂಪ್ ವಿತ್ ಟೈಮ್ ಝೋನ್' ಅನ್ನೋ ಕಾಲಂ ಬಗೆ ಹೆಸರಿಗಷ್ಟೇ, ಅದು ಝೋನ್ ಉಳಿಸಿಕೊಳ್ಳುವುದಿಲ್ಲ.) ತಲೆನೋವು ಇಲ್ಲ ಅಂತಲ್ಲ: ನವೆಂಬರ್‌ನ ಮೊದಲ ಭಾನುವಾರ ನ್ಯೂಯಾರ್ಕ್‌ನಲ್ಲಿ ರಾತ್ರಿ 1:30 ಎರಡು ಸಲ ಬರುತ್ತದೆ, ಮಾರ್ಚ್‌ನ ಆ ಭಾನುವಾರ 2:30 ಬರುವುದೇ ಇಲ್ಲ. ಯಾವುದನ್ನು ಹಿಡಿಯಬೇಕು ಅಂತ ಮೊದಲೇ ತೀರ್ಮಾನಿಸಬೇಕು. ಜಾವಾಸ್ಕ್ರಿಪ್ಟ್‌ನಲ್ಲಿ ಟೈಮ್ ನೋಡಿಕೊಳ್ಳುವ ಹೊಸ ಸೌಲಭ್ಯ ಟೆಂಪೊರಲ್‌ನಲ್ಲಿ ಇದಕ್ಕೊಂದು ಆಯ್ಕೆಯೇ ಇದೆ, ಅಲ್ಲಿನ ಹಳೆಯ 'ಡೇಟ್' ಮಾತ್ರ ತನಗೆ ತೋಚಿದ್ದನ್ನು ಸುಮ್ನೆ ಆರಿಸುತ್ತದೆ.

ಹುಟ್ಟಿದ ದಿನಕ್ಕೆ ಮಾತ್ರ ಈ ಮೂರೂ ಬೇಡ. ಬರೀ ತಾರೀಖು ಇಡಿ. ಭಾರತದಲ್ಲಿ ಕೂತು ಮೇ 15ರ ಮಧ್ಯರಾತ್ರಿಯನ್ನು ಯುಟಿಸಿಗೆ ತಿರುಗಿಸಿದರೆ ಮೇ 14, 18:30 ಆಗುತ್ತದೆ. ಲಾಗ್‌ನಲ್ಲಿ ಸಾಲುಸಾಲಾಗಿ 18:30 ಕಂಡರೆ ಯಾರೋ ತಾರೀಖನ್ನು ಟೈಮ್ ಮಾಡಿಟ್ಟಿದ್ದಾರೆ ಅಂತಲೇ ಲೆಕ್ಕ.